ಭಾರಕ್ಕೆ ಕೂತವನು

ನಮ್ಮ ಊರಿನಲ್ಲಿ ಯಾರ ಮನೆಗೆ ಹೋದರೂ ಮೊದಲು ನೋಡುವುದು ಬಾಗಿಲನ್ನಲ್ಲ, ಮೆಟ್ಟಿಲನ್ನು. ತುಂಬಿದ ಮನೆಗೆ ಒಂದೇ ಮೆಟ್ಟಿಲು ಇರುತ್ತದೆ, ಉಳಿದವು ಒಳಗಿರುವವರ ಭಾರಕ್ಕೆ ಮಣ್ಣೊಳಗೆ ಹೋಗಿರುತ್ತವೆ. ಮಗಳು ಬಾಣಂತನಕ್ಕೆ ಬಂದಳೆಂದರೆ ಆ ಒಂದೂ ಅರ್ಧ ಮುಳುಗುತ್ತದೆ. ಇಬ್ಬರೇ ಇರುವ ಮನೆಗೆ ಎರಡೋ ಮೂರೋ ಹತ್ತಬೇಕು. ಗೌಂಡಿ ಮನೆ ಕಟ್ಟುವಾಗ ಐದು ಮೆಟ್ಟಿಲು ಇಟ್ಟೇ ಕಟ್ಟುತ್ತಾನೆ. ಐದೂ ಕಾಣುವ ದಿನ ಬಾರದಿರಲಿ ಎಂದು ಕಟ್ಟಕಡೆಯ ಕಲ್ಲಿಗೆ ಅರಿಶಿನ ಹಚ್ಚಿ ಮಣ್ಣು ಎಳೆಯುತ್ತಾನೆ. ಐದೂ ಕಂಡರೆ ಅದು ಬೀಗ ಹಾಕಿದ ಮನೆ ಎಂದು ತಿಳಿಯಬೇಕು. ಮನೆ ಇಳಿಯುವುದು ಜನ ಕಾಲಿಟ್ಟ ಕೂಡಲೇ, ಏಳುವುದಕ್ಕೆ ಮಾತ್ರ ಒಂದೆರಡು ದಿನ ಹಿಡಿಯುತ್ತದೆ. 'ಅವರ ಮನೆ ಎದ್ದಿತು' ಎಂದರೆ ಆ ಮನೆಯಲ್ಲಿ ಯಾರೋ ತೀರಿಕೊಂಡರು ಎಂದೇ ಅರ್ಥ. ಪರವೂರಿನ ಬೀಗರೊಬ್ಬರು ಮದುವೆ ಮಾತಿಗೆಂದು ಬಂದವರು 'ನಿಮ್ಮ ಮನೆ ಒಳ್ಳೇ ಎತ್ತರಕ್ಕೆ ಎದ್ದಿದೆ' ಎಂದು ಹೊಗಳಿ, ಚಹಾ ಕೂಡ ಕುಡಿಯದೆ ವಾಪಸು ಹೋಗಬೇಕಾಯಿತು.

ಸಾವಾದ ಮನೆ ಒಮ್ಮೆಲೇ ಏಳಬಾರದು. ಓರೆಯಾಗಿ ಎದ್ದರೆ ಗೋಡೆ ಬಿರಿಯುತ್ತದೆ. ಅದಕ್ಕಾಗಿ ಓಣಿಯವರು ಹೋಗಿ ಆ ಮನೆಯಲ್ಲಿ ಕೂರುತ್ತಾರೆ. ಮೊದಲ ದಿನ ಮನೆ ತುಂಬ, ಮರುದಿನ ಸ್ವಲ್ಪ ಕಡಿಮೆ, ಹೀಗೆ ಇಳಿಸುತ್ತಾ ಇಳಿಸುತ್ತಾ ಮನೆಗೆ ಅಭ್ಯಾಸ ಮಾಡಿಸುತ್ತಾರೆ. ಇದಕ್ಕೆ ಭಾರಕ್ಕೆ ಕೂರುವುದು ಎನ್ನುತ್ತೇವೆ. ಭಾರಕ್ಕೆ ಬಂದವರು ಬಾಗಿಲು ಬಡಿಯುವುದಿಲ್ಲ, ಬಂದೆ ಎಂದು ಹೇಳುವುದಿಲ್ಲ. ಸುಮ್ಮನೆ ಬಂದು ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಕೂತುಬಿಡುತ್ತಾರೆ. ಕೊಟ್ಟದ್ದನ್ನು ಉಣ್ಣಬೇಕು. ಉಪವಾಸ ಕೂತವನ ಭಾರ ಭಾರವಲ್ಲ ಎಂದು ಹಿರಿಯರ ಲೆಕ್ಕ. ಏನು ಮಾತಾಡಬೇಕು ಎಂಬ ಚಿಂತೆ ಇಲ್ಲದ ಇಂಥ ಸಾಂತ್ವನ ಬೇರೆ ಊರುಗಳಲ್ಲಿ ಇದೆಯೋ ಇಲ್ಲವೋ ನನಗೆ ತಿಳಿಯದು.

ಈ ಕೆಲಸಕ್ಕೆ ಊರಿನಲ್ಲಿ ನನ್ನಂಥವನು ಇನ್ನೊಬ್ಬನಿರಲಿಲ್ಲ. ನನ್ನ ಹೆಸರು ಚಂಬಣ್ಣ, ಪೇಟೆಯಲ್ಲಿ ಹಗ್ಗದ ಅಂಗಡಿ ಇದೆ. ಅವ್ವ ಹೋದ ಮೇಲೆ ಒಬ್ಬನೇ ಇದ್ದೇನೆ. ಒಬ್ಬನೇ ಇದ್ದರೂ ಆಗ ನನ್ನ ಮನೆಗೆ ಒಂದೇ ಮೆಟ್ಟಿಲು ಕಾಣುತ್ತಿತ್ತು ಎಂದರೆ ನನ್ನ ಗಾತ್ರವನ್ನು ನೀವೇ ಊಹಿಸಿಕೊಳ್ಳಿ. ಮೆಟ್ಟಿಲು ನೋಡಿ ಮೋಸಹೋಗಿ, ದೊಡ್ಡ ಸಂಸಾರ ಇರಬೇಕೆಂದು ಸೀರೆ ಮಾರುವವರು ಗಂಟು ಇಳಿಸುತ್ತಿದ್ದರು. ಸಾವಾದ ಮನೆಯವರು ನೆಂಟರಿಗೆ ತಿಳಿಸುವ ಮೊದಲು ನನ್ನ ಅಂಗಡಿಗೆ ಹೇಳಿಕಳಿಸುತ್ತಿದ್ದರು. ನಾನು ಒಳಗೆ ಕಾಲಿಟ್ಟೆನೆಂದರೆ ಮನೆ ಒಂದು ಸಲ ಉಸಿರು ಬಿಟ್ಟಂತೆ ಇಳಿಯುತ್ತಿತ್ತು, ಅಳುವವರು ಕೂಡ ಒಂದು ಗಳಿಗೆ ಅಳು ನಿಲ್ಲಿಸಿ ನನ್ನತ್ತ ನೋಡುತ್ತಿದ್ದರು. ಆ ನೋಟದಲ್ಲಿ ಒಂದು ಸಮಾಧಾನ ಇರುತ್ತಿತ್ತು. ಅದು ನನಗೆ ಬಹಳ ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೀಗೇ ಇದ್ದುಬಿಡುತ್ತಿದ್ದೆನೇನೋ. ಒಮ್ಮೆ ಕಂಬಾರ ಓಣಿಯಲ್ಲಿ ಒಂದು ಮನೆಗೆ ಭಾರಕ್ಕೆ ಹೋಗಿದ್ದೆ. ಜಾಗ ಸಾಲದೆ ಮೂಲೆಯಲ್ಲಿ ಕೂತೆ. ಕೂತದ್ದೇ ತಡ, ಮನೆ ಆ ಮೂಲೆಗೆ ವಾಲಿ, ದೇವರ ಮಾಡದಲ್ಲಿದ್ದ ದೀಪ ಜಾರಿ ಬಿತ್ತು. ಯಾರೋ ಒಳಗಿನಿಂದ, "ಚಂಬಣ್ಣನ್ನ ನಡುವ ಕೂಡ್ರಸ್ರಿ, ಗ್ವಾಡಿ ಹೋದೀತು," ಎಂದರು. ನಾಲ್ವರು ಸೇರಿ ನನ್ನನ್ನು ಎಬ್ಬಿಸಿ ನಡುಮನೆಗೆ ಸಾಗಿಸಿದರು. ಸಾವಿನ ಮನೆಯಲ್ಲಿ ನಗು ತಡೆಯುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ಸತ್ತವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಕದ ಹಾಕಿಕೊಂಡ ಮೇಲೆ ಎಷ್ಟು ಹೊತ್ತಾದರೂ ಆ ನಗು ಕಿವಿಯಿಂದ ಹೋಗಲಿಲ್ಲ. ಮರುವಾರ ಡಾಕ್ಟರು ಸಕ್ಕರೆ ಕಾಯಿಲೆಯ ಹೆಸರು ಹೇಳಿ, ಮೊಣಕಾಲು ಮುಟ್ಟಿ ನೋಡಿ ಹೆದರಿಸಿದರು. ಆ ಹೆದರಿಕೆಯನ್ನು ನೆಪ ಮಾಡಿಕೊಂಡೆ.

ಮೈ ಇಳಿಸಿದ ಕಥೆ ಹೇಳುವುದಿಲ್ಲ. ಇಳಿಸಿದವರೆಲ್ಲ ಅದನ್ನೇ ಹೇಳಿ ಹೇಳಿ ಕೇಳುವವರಿಗೆ ಸಾಕು ಮಾಡಿದ್ದಾರೆ. ಸಂಜೆಯ ಮಿರ್ಚಿ ಭಜಿ ಬಿಟ್ಟೆ, ಕೆರೆ ಸುತ್ತಿದೆ, ಒಂದು ರೊಟ್ಟಿ ಕೇಳುವ ಹೊಟ್ಟೆಗೆ ಅರ್ಧ ಕೊಟ್ಟು ಬೈಸಿಕೊಂಡೆ. ಒಂದು ವರ್ಷದ ಮೇಲೆ ಒಂದು ಬೆಳಿಗ್ಗೆ ಮಣ್ಣಿನಿಂದ ಎರಡನೇ ಮೆಟ್ಟಿಲು ಹೊರಗೆ ಬಂದಿತ್ತು. ಆಮೇಲೆ ಮೂರನೆಯದೂ ಬಂತು. ಕಾಲು ತಾಗದ ಕಲ್ಲು ಅದು, ಉಳಿದವುಗಳಂತೆ ಸವೆದಿರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದೆ. ನನ್ನ ಜನ್ಮದಲ್ಲಿ ನಾನು ಸಂಪಾದಿಸಿದ್ದು ಅದೊಂದೇ ಎನಿಸಿತು.

ಎರಡು ದಿನ ಕಳೆದು ಬೆಳಿಗ್ಗೆ ಹೊರಗೆ ಯಾರೋ ಕೆಮ್ಮಿದ ಸದ್ದಾಯಿತು. ಕದ ತೆಗೆದು ನೋಡಿದರೆ ಕಟ್ಟೆಯ ಮೇಲೆ ಅರ್ಧ ಓಣಿ ಬಂದು ಕೂತಿದೆ. ಎದುರು ಮನೆಯ ಗೌರಕ್ಕ ಮುಂದೆ ಇದ್ದಳು. ಅಕ್ಕಪಕ್ಕದ ಓಣಿಗಳ ಯಾವ ಮನೆಯಲ್ಲಿ ಸಾವಾದರೂ ಯಾರು ಎಲ್ಲಿ ಕೂರಬೇಕು, ಯಾರು ರೊಟ್ಟಿ ತರಬೇಕು ಎಂದು ಗೊತ್ತು ಮಾಡುವವಳು ಅವಳೇ. ನನ್ನ ಮನೆ ಎದ್ದದ್ದನ್ನು ಕಂಡು ಜನ ಕೂಡಿಸಿಕೊಂಡು ಬಂದಿದ್ದಳು.

"ಯಾರು ಹೋದ್ರೋ ತಮ್ಮಾ?" ಎಂದು ಮೆಲ್ಲಗೆ ಕೇಳಿದಳು. "ನಿನ್ನ ಮನ್ಯಾಗ ಯಾರೂ ಇದ್ದಿಲ್ಲಲ್ಲೋ."

"ನಾನ ಹೋಗೀನಿ ಅಕ್ಕಾ," ಎಂದೆ. "ಅರ್ಧಾ."

ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಗೌರಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಭಾರಕ್ಕೆಂದು ತಂದಿದ್ದ ರೊಟ್ಟಿಯ ಗಂಟನ್ನು ಕೈಯಲ್ಲಿ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತಳು. ಅಷ್ಟರಲ್ಲಿ ನನ್ನ ಕಣ್ಣು ಕೆಳಗೆ ಹೋಯಿತು. ಅವರೆಲ್ಲರ ಭಾರಕ್ಕೆ ನನ್ನ ಮೂರನೇ ಮೆಟ್ಟಿಲೂ ಎರಡನೆಯದೂ ಮಣ್ಣೊಳಗೆ ಹೋಗಿದ್ದವು. ಇಲ್ಲಿ ಯಾರೂ ಸತ್ತಿಲ್ಲ, ಏಳಿ, ಏಳಿ ಎಂದು ಎಲ್ಲರನ್ನೂ ಎಬ್ಬಿಸಿಬಿಟ್ಟೆ. ಧ್ವನಿ ಸ್ವಲ್ಪ ಜೋರೇ ಆಗಿರಬೇಕು. ಒಬ್ಬೊಬ್ಬರಾಗಿ ಎದ್ದು ಹೋದರು. ಮೆಟ್ಟಿಲು ಮತ್ತೆ ಮೇಲೆ ಬರುವವರೆಗೆ ನಾನು ನೀರು ಬಿಟ್ಟು ಬೇರೆ ಏನೂ ಮುಟ್ಟಲಿಲ್ಲ.

ಇಳಿಸುವುದು ಸುಲಭ, ನಿಜವಾದ ಪೀಡೆ ಶುರುವಾಗುವುದು ಇಳಿಸಿದ ಮೇಲೆ. ಇಳಿಸುವಾಗ ದಿನದಿನಕ್ಕೂ ಏನೋ ಸಿಗುತ್ತಿರುತ್ತದೆ. ಉಳಿಸಿಕೊಳ್ಳುವಾಗ ಸಿಗುವುದು ಏನೂ ಇಲ್ಲ, ಕಳೆದುಕೊಳ್ಳುವ ಭಯ ಒಂದೇ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಮೂರನೇ ಮೆಟ್ಟಿಲಿನ ನೆನಪು. ಮೊದಮೊದಲು ಹೊರಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಮಣ್ಣಿಗೂ ಕಲ್ಲಿನ ಅಂಚಿಗೂ ನಡುವೆ ಬೆರಳು ಇಟ್ಟು ನೋಡುತ್ತಿದ್ದೆ. ಒಂದು ದಿನ ಪೂರ್ತಿ ಮೂರು ಬೆರಳು ಇರುತ್ತಿತ್ತು, ಮರುದಿನ ಎರಡೂವರೆ. ನಾನೇನು ತಿಂದೆ? ಉಪ್ಪಿನಕಾಯಿ ಒಂದು ಹೋಳು ಹೆಚ್ಚಾಯಿತೇ? ಮಲಗುವ ಮುಂಚೆ ನೀರು ಕುಡಿದೆನೇ? ಡಾಕ್ಟರು, ಮೈ ಎಂದಮೇಲೆ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ, ದಿನಾ ನೋಡಬೇಡಿ ಎಂದಿದ್ದರು. ದಿನಾ ನೋಡಬೇಡಿ ಎನ್ನಲು ಅವರಿಗೇನು, ಅವರ ಮನೆಯಲ್ಲಿ ಏಳು ಜನ. ಅವರ ಒಂದು ಹೋಳು ಉಪ್ಪಿನಕಾಯಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಓಣಿಯ ಹೆಂಗಸರು ನೀರಿಗೆ ಹೋಗುವಾಗ, ಚಂಬಣ್ಣ ಬೆಳಿಗ್ಗೆ ಎದ್ದು ಮೆಟ್ಟಿಲಿಗೆ ನಮಸ್ಕಾರ ಮಾಡುತ್ತಾನೆ ಎಂದು ನಗತೊಡಗಿದ ಮೇಲೆ, ಬಾಗಿಲ ಪಕ್ಕದ ಕಿಟಕಿಯಿಂದಲೇ ನೋಡುವುದು ರೂಢಿಯಾಯಿತು. ಆ ಕಿಟಕಿಯಿಂದ ಮೆಟ್ಟಿಲು ನೆಟ್ಟಗೆ ಕಾಣುತ್ತದೆ, ಕಿಟಕಿಯ ಕೆಳಗೇ ಇರುವ ಕಟ್ಟೆ ಮಾತ್ರ ಕಾಣುವುದಿಲ್ಲ.

ಮನೆ ಹೇಳುವುದು ನನ್ನೊಬ್ಬನ ಭಾರವನ್ನೇ ಆಗಿರಬೇಕು ಎಂಬ ಹುಚ್ಚು ಹತ್ತಿತು. ಅವ್ವನ ಬೀಸುವ ಕಲ್ಲನ್ನು ಗೌರಕ್ಕನಿಗೆ ಕೊಟ್ಟೆ. ಜೋಳದ ಕಣಜ ಹೋಯಿತು, ಕಟ್ಟಿಗೆಯ ಮಂಚ ಹೋಯಿತು, ತಾಮ್ರದ ಹಂಡೆ, ಕೊಡಗಳು ಎಲ್ಲ ಅವಳ ಮನೆಗೇ ಹೋದವು. ಒಂದು ಚಾಪೆ, ಒಂದು ತಾಟು, ಒಂದು ತಂಬಿಗೆ ಉಳಿದವು. ಮನೆ ಎಷ್ಟು ಹಗುರಾಯಿತೆಂದರೆ ಹುಳಿ ಮಜ್ಜಿಗೆ ಒಂದು ಲೋಟ ಕುಡಿದರೂ ಮೆಟ್ಟಿಲಿನಲ್ಲಿ ಗೊತ್ತಾಗುತ್ತಿತ್ತು. ಮಾತಾಡಿದರೆ ಗೋಡೆಗಳು ಮಾತನ್ನು ವಾಪಸು ಕೊಡುತ್ತಿದ್ದವು. ಮಾತಾಡುವುದು ಯಾರ ಜೊತೆ ಎಂಬುದು ಬೇರೆ ಪ್ರಶ್ನೆ.

ಯಾಕೆಂದರೆ ಜನ ಬರುವುದನ್ನೂ ನಿಲ್ಲಿಸಿಬಿಟ್ಟೆ. ಒಬ್ಬರು ಬಂದು ಒಂದು ಗಳಿಗೆ ಕೂತು ಹೋದರೆ ಎರಡು ದಿನ ಮನೆ ಏಳುವುದಿಲ್ಲ. ಆ ಎರಡು ದಿನ ಮೆಟ್ಟಿಲಿನಲ್ಲಿ ಅವರ ಭಾರ ಎಷ್ಟು, ನನ್ನದೆಷ್ಟು ಎಂದು ಹೇಗೆ ತಿಳಿಯಬೇಕು? ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸುತ್ತಿದ್ದೆ. ಬರುವವರು ಹೆಚ್ಚೇನೂ ಇರಲಿಲ್ಲ. ನಿಜವಾಗಿ ಬರುತ್ತಿದ್ದವನು ಒಬ್ಬನೇ, ಈರಸಂಗ.

ಈರಸಂಗ ನನ್ನ ಬಾಲ್ಯದ ಗೆಳೆಯ. ಪಕ್ಕದ ಓಣಿಯವನು, ಸೈಕಲ್ ರಿಪೇರಿಯವನು. ಸಂಜೆ ಅವನು ಅಂಗಡಿ ಮುಚ್ಚಿ, ನಾನು ಅಂಗಡಿ ಮುಚ್ಚಿ, ಇಬ್ಬರೂ ಭಜಿಯ ಅಂಗಡಿ ತೆರೆಸುತ್ತಿದ್ದೆವು. ನಮ್ಮ ಸ್ನೇಹ ಬೆಳೆದದ್ದು ತಿನ್ನುವುದರಲ್ಲೇ. ಒಂದೇ ಕಾಗದದಲ್ಲಿ ಚುರಮುರಿ, ಅದರ ಮೇಲೆ ಈರುಳ್ಳಿ, ಮಾತೆಲ್ಲ ಬಾಯಿ ತುಂಬಿಕೊಂಡೇ. ಅವನ ಹೆಂಡತಿ ರತ್ನವ್ವ ಶೇಂಗಾ ಹೋಳಿಗೆ ಮಾಡಿದರೆ ನನ್ನ ಪಾಲು ಬೇರೆಯೇ ತೆಗೆದಿಡುತ್ತಿದ್ದಳು. ನಾನು ತಿನ್ನುವುದನ್ನು ಬಿಟ್ಟ ಮೇಲೂ ಈರಸಂಗ ಬರುತ್ತಿದ್ದ. ಆದರೆ ಇಬ್ಬರಿಗೂ ಕೈಗೆ ಕೆಲಸವಿಲ್ಲದೆ ಮಾತು ಕುಂಟುತ್ತಿತ್ತು. ಅವನನ್ನು ಒಳಗೆ ಕರೆಯದೆ, ರಸ್ತೆಯಾಚೆ ಬೇವಿನ ಬುಡದಲ್ಲಿದ್ದ ಕಲ್ಲಿನ ಮೇಲೆ ಕೂರಿಸುತ್ತಿದ್ದೆ. ಗಾಳಿ ಚೆನ್ನಾಗಿದೆ ಎಂದು ನೆಪ ಹೇಳುತ್ತಿದ್ದೆ. ಬೇಸಿಗೆಯಲ್ಲಿ ಆ ನೆಪ ನಡೆಯಿತು. ಚಳಿಗಾಲದಲ್ಲಿ ಒಂದು ಸಂಜೆ ಅವನು ಕೈಯಲ್ಲಿದ್ದ ಹೋಳಿಗೆಯ ಡಬ್ಬಿಯನ್ನು ನಾನು ಮುಟ್ಟದೇ ಇದ್ದದ್ದನ್ನು ನೋಡಿ, ಮುಚ್ಚಳ ಹಾಕಿ ಎದ್ದ.

"ನಿಂಗ ನಾವು ಬ್ಯಾಡಾಗೇವಿ ಚಂಬ್ಯಾ," ಎಂದ. "ನಿಂಗೀಗ ಮೆಟ್ಲ ಸಾಕು."

ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ಜಗಳವಾಡಿ ಸರಿಮಾಡಿಕೊಳ್ಳಬಹುದಿತ್ತು. ಮರುದಿನ ಅವನು ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಸಂಜೆ ಅಂಗಡಿ ಮುಚ್ಚಿ ನಾನು ಕೆರೆ ಸುತ್ತಲು ಹೋಗುತ್ತಿದ್ದೆ, ದೂರದಿಂದ ಅವನ ಅಂಗಡಿಯ ದೀಪ ಕಾಣುತ್ತಿತ್ತು. ಬೆಳಿಗ್ಗೆ ಮೂರನೇ ಮೆಟ್ಟಿಲು ನೆಟ್ಟಗೆ, ಚೊಕ್ಕವಾಗಿ ಇರುತ್ತಿತ್ತು. ಅದನ್ನು ತೋರಿಸಲು ಯಾರೂ ಇರಲಿಲ್ಲ.

ಭಾರಕ್ಕೂ ಯಾರೂ ಕರೆಯದಾಗಿದ್ದರು. ಅದನ್ನು ನಾನು ಗಮನಿಸಿದ್ದು ತಡವಾಗಿ. ಓಣಿಯಲ್ಲಿ ಎರಡು ಸಾವಾದವು, ಎರಡಕ್ಕೂ ಹೇಳಿಕಳಿಸಲಿಲ್ಲ. ಗೌರಕ್ಕ ನನ್ನ ಅಂಗಡಿಯ ಮುಂದಿನಿಂದಲೇ ಹಾದು ಹಿಟ್ಟಿನ ಗಿರಣಿಯ ದಪ್ಪ ಮಾಲೀಕನನ್ನು ಕರೆದುಕೊಂಡು ಹೋದಳು. ನನಗೆ ಹೊಟ್ಟೆಕಿಚ್ಚಾಯಿತು. ಬಡಕಲಾದವನಿಗೆ ದಪ್ಪಗಿರುವವನ ಮೇಲೆ ಹೊಟ್ಟೆಕಿಚ್ಚು, ಇಂಥದ್ದು ನಮ್ಮ ಊರಿನಲ್ಲಿ ಮಾತ್ರ ಸಾಧ್ಯ.

ಹೀಗಿರುವಾಗ ರತ್ನವ್ವ ತೀರಿಕೊಂಡಳು. ಯಾರೂ ಬಂದು ಹೇಳಲಿಲ್ಲ. ಅಂಗಡಿಗೆ ಹೋಗುವ ದಾರಿಯಲ್ಲಿ ಈರಸಂಗನ ಮನೆಯ ಕಡೆ ನೋಡಿದೆ, ದಿನವೂ ನೋಡುತ್ತಿದ್ದೆ. ಯಾವಾಗಲೂ ಎರಡು ಮೆಟ್ಟಿಲು ಇರುವ ಮನೆಗೆ ಒಂದೇ ಕಂಡಿತು. ಮುಂದೆ ಚಪ್ಪಲಿಗಳ ರಾಶಿ. ಜ್ವರ ಎಂದು ಮಲಗಿದ್ದಳಂತೆ, ನಸುಕಿನಲ್ಲಿ ಹೋದಳಂತೆ. ನಾನು ಅಂಗಡಿಯ ಬೀಗದಕೈ ಹಿಡಿದುಕೊಂಡೇ ಒಳಗೆ ಹೋದೆ. ಬಾಗಿಲಲ್ಲಿ ನಿಂತು ಯಾರು ಎಲ್ಲಿ ಎಂದು ಜಾಗ ತೋರಿಸುತ್ತಿದ್ದ ಗೌರಕ್ಕ ನನ್ನ ರಟ್ಟೆ ಹಿಡಿದು, ಮೂಲೆಗಳಿಗೆಲ್ಲ ಜನ ಆಗಿದ್ದಾರೆ, ನೀನು ಎಲ್ಲಾದರೂ ಕೂರು, ನಿನ್ನಿಂದೇನೂ ವಾಲುವುದಿಲ್ಲ ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಒಳಗೆ ಕಾಲಿಡುವಾಗ ಅಭ್ಯಾಸದಂತೆ ಆ ಸಣ್ಣ ಇಳಿತಕ್ಕೆ ಕಾದೆ. ಮನೆ ಅಲುಗಲಿಲ್ಲ. ತಿರುಗಿ ಮೆಟ್ಟಿಲು ನೋಡಿದೆ, ಎಷ್ಟಿತ್ತೋ ಅಷ್ಟೇ ಇತ್ತು. ಅಳುತ್ತಿದ್ದವರು ಯಾರೂ ತಲೆಯೆತ್ತಲಿಲ್ಲ. ಇಷ್ಟು ಹಗುರಾಗಲು ಎಷ್ಟು ಕಷ್ಟಪಟ್ಟಿದ್ದೆ! ಅಂದು ಮಾತ್ರ ಹಳೆಯ ಮೈ ಒಂದು ದಿನದ ಮಟ್ಟಿಗೆ ಸಾಲ ಸಿಕ್ಕಿದ್ದರೂ ಬೇಡ ಎನ್ನುತ್ತಿರಲಿಲ್ಲ.

ಈರಸಂಗ ಕಂಬಕ್ಕೆ ಒರಗಿ ಕೂತಿದ್ದ. ನಾನು ಪಕ್ಕದಲ್ಲಿ ಕೂತೆ. ಸಂಜೆಯವರೆಗೂ ಏಳಲಿಲ್ಲ. ಮರುದಿನವೂ ಹೋದೆ, ಅದರ ಮರುದಿನವೂ. ಜನ ಕಡಿಮೆಯಾಗುತ್ತಾ ಬಂದರು, ನಾನು ಕಡಿಮೆಯಾಗಲಿಲ್ಲ. ಮೂಲೆಗಳೂ ಖಾಲಿಯಾದವು. ಊಟಕ್ಕೆ ಕೊಟ್ಟದ್ದನ್ನು ತಾಟಿನಲ್ಲಿ ಆಚೆ ಈಚೆ ಮಾಡಿ, ಗೌರಕ್ಕನ ಕಣ್ಣು ತಪ್ಪಿಸಿ ಸ್ವಲ್ಪ ತಿನ್ನುತ್ತಿದ್ದೆ. ಕಡೆಯ ದಿನ ನಾವಿಬ್ಬರು ಮತ್ತು ಅವನ ಮಗಳು ಸುವರ್ಣಾ ಉಳಿದಿದ್ದೆವು. ಸುವರ್ಣಾಳನ್ನು ಬೇರೆ ಊರಿಗೆ ಕೊಟ್ಟಿದ್ದರು. ಆ ಊರಿನಲ್ಲಿ ಮನೆಗಳು ಕಟ್ಟಿದ ಹಾಗೇ ನಿಂತಿರುತ್ತವೆ, ಯಾರು ಬಂದರೂ ಹೋದರೂ ಮನೆಗೆ ಗೊತ್ತೇ ಆಗುವುದಿಲ್ಲವಂತೆ. ಸಂಜೆ ಅವಳು ಬಟ್ಟೆ ಮಡಚುತ್ತಿದ್ದಾಗ ಈರಸಂಗ ಒಳಗೆ ಹೋಗಿ ಒಂದು ಡಬ್ಬಿ ತಂದು ನನ್ನ ಮುಂದೆ ಇಟ್ಟ. ಶೇಂಗಾ ಹೋಳಿಗೆ.

"ಜ್ವರ ಬರೂಕಿಂತ ಮದ್ಲ ಮಾಡಿದ್ಲು," ಎಂದ. "ನಿನ್ನ ಪಾಲು ಬ್ಯಾರೆ ಇಟ್ಟಾಳ. ನೀ ತಿನ್ನಂಗಿಲ್ಲ ಅಂತ ಗೊತ್ತಿತ್ತು ಆಕಿಗೆ. ಆದ್ರೂ ಇಟ್ಟಾಳ."

ಎರಡು ತಿಂದೆ. ರುಚಿ ಹತ್ತಲಿಲ್ಲ ಎಂದರೆ ರತ್ನವ್ವನ ಕೈಗೆ ಅವಮಾನ, ಬಹಳ ರುಚಿಯಾಗಿತ್ತು. ಅಳು ಬಂತು. ಅಳುತ್ತಲೇ ತಲೆಯೊಳಗೆ ಇನ್ನೊಂದು ಕಡೆ ಬೆಲ್ಲ ಎಷ್ಟು, ಎಣ್ಣೆ ಎಷ್ಟು, ನಾಳೆ ಮೆಟ್ಟಿಲು ಎಷ್ಟು ಎಂಬ ಲೆಕ್ಕ ನಡೆದೇ ಇತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಲೆಕ್ಕ ನಿಲ್ಲಲಿಲ್ಲ.

ನಾನು ಹೊರಡಲು ಎದ್ದಾಗ ಈರಸಂಗ ಬಾಗಿಲವರೆಗೆ ಬಂದ. ಅವನ ಮನೆಯ ಮೆಟ್ಟಿಲು ಆಗಲೇ ಒಂದೊಂದಾಗಿ ಮೇಲೆ ಬರತೊಡಗಿದ್ದವು. ಅದನ್ನು ನೋಡದಂತೆ ಮುಖ ತಿರುಗಿಸಿಕೊಂಡು ನಿಂತ.

"ನಾಕ ದಿನ ನಿನ್ನ ಮನ್ಯಾಗ ಇರ್ಲೇನೋ?" ಎಂದ. "ಸುವರ್ಣಾ ಕರ್ಯಾಕತ್ತಾಳ. ನಂಗ ಊರು ಬಿಟ್ಟು ಹೋಗೂ ಮನಸಿಲ್ಲ. ಇಲ್ಲಿ ಒಬ್ಬಾಂವ ಇದ್ದು ಮನಿ ಏಳೂದು ನೋಡಾಕೂ ಆಗವಲ್ದು."

ಬಾ ಎನ್ನಬೇಕಿತ್ತು. ಬಾ ಎನ್ನುವುದು ಒಂದೇ ಅಕ್ಷರ. ಆದರೆ ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಮೂರನೇ ಮೆಟ್ಟಿಲು ಬಂತು. ಇವನು ಬಂದರೆ ಅದು ಹೋಗುತ್ತದೆ, ನಾಲ್ಕು ದಿನವಲ್ಲ, ಇವನು ಇರುವಷ್ಟು ದಿನವೂ. ಇವನ ಮರೆಯಲ್ಲಿ ನಾನು ಮತ್ತೆ ದಪ್ಪಗಾಗುತ್ತಾ ಹೋದರೂ ತಿಳಿಯುವುದಿಲ್ಲ. ಒಂದು ದಿನ ಎಚ್ಚರವಾಗಿ ನೋಡಿದರೆ ಹಳೆಯ ಚಂಬಣ್ಣನೇ ಆಗಿರುತ್ತೇನೆ. ಇಷ್ಟೆಲ್ಲ ಯೋಚನೆಗೆ ಎಷ್ಟು ಹೊತ್ತು ಬೇಕು? ರೆಪ್ಪೆ ಬಡಿಯುವಷ್ಟು. ಈರಸಂಗನಿಗೆ ಅಷ್ಟೇ ಸಾಕಾಯಿತು.

"ಇರ್ಲಿ ಬಿಡು," ಎಂದ. "ನಿಂಗ ತ್ರಾಸ ಆಗ್ತೈತಿ."

ಹಾಗಲ್ಲೋ, ಬಾ, ಎಂದೆ. ಅವನು ಹೂಂ ಎಂದ. ಆಮೇಲೆ ಬಂದ ಮಾತಿಗೆ ಬೆಲೆಯಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಕು ಹರಿದಾಗ ಎದ್ದು ಕಿಟಕಿಗೆ ಹೋದೆ. ಮೂರನೇ ಮೆಟ್ಟಿಲು ಇರಲಿಲ್ಲ. ಕಣ್ಣು ಉಜ್ಜಿಕೊಂಡು ನೋಡಿದೆ. ಅರ್ಧ ಬೆರಳು, ಒಂದು ಬೆರಳಿನ ಮಾತಲ್ಲ, ಇಡೀ ಕಲ್ಲೇ ಮಣ್ಣೊಳಗೆ ಹೋಗಿತ್ತು.  ಎರಡು ಹೋಳಿಗೆಗೆ ಇಷ್ಟೊಂದೇ? ಭಾರಕ್ಕೆ ಕೂತ ದಿನಗಳ ರೊಟ್ಟಿ, ಝುಣಕ, ಎಲ್ಲವೂ ಒಟ್ಟಿಗೆ ಬಂದು ಕೂತಿರಬೇಕು ಎಂದುಕೊಂಡೆ. ಹೊಟ್ಟೆ ಮುಟ್ಟಿ ನೋಡಿದೆ, ಮಣಿಕಟ್ಟನ್ನು ಬೆರಳುಗಳಿಂದ ಸುತ್ತಿ ನೋಡಿದೆ. ಎಲ್ಲ ಇದ್ದ ಹಾಗೇ ಇತ್ತು. ಆದರೆ ಮೈ ಸುಳ್ಳು ಹೇಳಬಹುದು, ಮನೆ ಹೇಳುವುದಿಲ್ಲ. ಓಣಿಯವರು ಆಗಲೇ ನೋಡಿರುತ್ತಾರೆ, ನಗುತ್ತಿರುತ್ತಾರೆ. ಕದದ ಚಿಲಕ ತೆಗೆಯಲು ಕೈ ಬರಲಿಲ್ಲ. ಚಹಾ ಕಾಯಿಸಲಿಲ್ಲ. ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದೆ. ನಡುನಡುವೆ ಎದ್ದು ಕಿಟಕಿಗೆ ಹೋಗುವುದು, ನೋಡುವುದು, ಬಂದು ಮಲಗುವುದು. ಅಂಗಡಿಗೂ ಹೋಗಲಿಲ್ಲ. ಗಂಟಲು ಒಣಗಿದರೂ ನೀರು ಕುಡಿಯಲಿಲ್ಲ, ನೀರಿಗೂ ಭಾರವಿದೆ.

ಬಿಸಿಲು ನೆತ್ತಿಗೆ ಏರುವ ಹೊತ್ತಿಗೆ ಹಸಿವು ತಡೆಯದೆ, ಇನ್ನು ಕೆರೆ ಸುತ್ತಿ ಬಂದರಾದರೂ ಒಳ್ಳೆಯದೆಂದು ಕದ ತೆಗೆದೆ. ಓಣಿಯಲ್ಲಿ ಯಾರೂ ಇರಲಿಲ್ಲ. ಗೌರಕ್ಕ ಎದುರಿನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಿ ನನ್ನನ್ನು ನೋಡಿದಳು.

"ಈಗರ ಬಾಗ್ಲಾ ತಗದೇನು?" ಎಂದಳು. "ಈರಸಂಗ ನಸಿಕಿಲೆ ಬಂದು ಕುಂತಿದ್ದ ನಿನ್ನ ಕಟ್ಟಿಮ್ಯಾಲ. ಭಾರಕ್ಕ ಕುಂತೀನಿ ಅಂದ. ಯಾರು ಸತ್ತಾರೋ ಅಂತ ಕೇಳಿದ್ರ, ಯಾರೂ ಸತ್ತಿಲ್ಲವ್ವಾ, ಒಬ್ಬಾಂವ ಇರ್ತಾನಲ್ಲ, ಅದಕ್ಕ ಅಂದ. ಈಗ ಮಗಳು ಬಂದು ಎಬಿಸಿಕೊಂಡು ಹ್ವಾದ್ಲು, ಬಸ್ಸಿಗೆ."

ಕಿಟಕಿಯ ಕೆಳಗಿನ ಕಟ್ಟೆ ನೋಡಿದೆ. ಧೂಳಿನಲ್ಲಿ ಒಬ್ಬ ಕೂತೆದ್ದ ಗುರುತು ಇತ್ತು. ಗೋಡೆಯ ಒಂದು ಮಗ್ಗುಲಲ್ಲಿ ನಾನು, ಇನ್ನೊಂದು ಮಗ್ಗುಲಲ್ಲಿ ಅವನು, ಇಡೀ ಬೆಳಿಗ್ಗೆ ಒಂದೇ ಗೋಡೆಗೆ ಒರಗಿದ್ದೆವು. ಭಾರಕ್ಕೆ ಬಂದವರು ಬಾಗಿಲು ಬಡಿಯುವುದಿಲ್ಲ. ಅವನ ಭಾರವನ್ನು ನನ್ನದೆಂದು ತಿಳಿದು, ಅವನಿಗೇ ಹೆದರಿ ಒಳಗೆ ಮಲಗಿದ್ದೆ.

ಓಡಿದೆ. ಹಳೆಯ ಚಂಬಣ್ಣನಾಗಿದ್ದರೆ ಓಣಿಯ ತಿರುವಿನಲ್ಲೇ ಕೂತುಬಿಡುತ್ತಿದ್ದೆ. ಈ ಹೊಸ ಕಾಲುಗಳು ಪೇಟೆ ದಾಟಿ, ಕೆರೆ ಏರಿ ದಾಟಿ, ಬಸ್ ಸ್ಟ್ಯಾಂಡಿನವರೆಗೆ ಒಯ್ದವು. ಬಸ್ಸು ಎಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಈರಸಂಗ ಕಿಟಕಿಯ ಪಕ್ಕದಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ. ನನ್ನನ್ನು ಕಂಡು ಸರಳಿನ ನಡುವಿನಿಂದ ಕೈ ಹೊರಗೆ ಹಾಕಿದ. ಉಸಿರು ತೆಗೆದುಕೊಳ್ಳಲು ಆಗದೆ ನಾನು ಆ ಕೈಯನ್ನೇ ಹಿಡಿದುಕೊಂಡು ನಿಂತೆ. ನಾನು ನೋಡಲಿಲ್ಲ, ನೀನು ಕೂತದ್ದು ಗೊತ್ತಾಗಲಿಲ್ಲ, ಇಳಿ, ಮನೆಗೆ ಹೋಗೋಣ ಎಂದೆಲ್ಲ ಹೇಳಿದೆ. ಸುವರ್ಣಾ ಟಿಕೆಟ್ ಕೈಯಲ್ಲಿ ಹಿಡಿದುಕೊಂಡು ಆಚೆ ನೋಡುತ್ತಿದ್ದಳು. ಈರಸಂಗ ನನ್ನ ಮಾತು ಕೇಳಿಸಿಕೊಂಡನೋ ಇಲ್ಲವೋ, ಸ್ವಲ್ಪ ಮುಂದೆ ಬಾಗಿದ.

"ಇಳೀತೇನೋ?" ಎಂದು ಕೇಳಿದ.

ಅರ್ಥವಾಯಿತು. "ಒಂದ ಮೆಟ್ಲ ಪೂರಾ ಹೋಗೇತಿ," ಎಂದೆ.

"ಸುಳ್ಳ ಹೇಳಬ್ಯಾಡ."

"ನಿನ್ನಾಣಿ."

ರತ್ನವ್ವ ಹೋದ ಮೇಲೆ ಮೊದಲ ಸಲ ಅವನ ಮುಖದಲ್ಲಿ ನಗೆಯಂಥದ್ದೇನೋ ಕಂಡಿತು. "ಅಂದ್ರ ಇನ್ನೂ ಅದೀನಿ ನಾನು," ಎಂದ.

ಬಸ್ಸು ಹೊರಟಿತು. ಬರುತ್ತೇನೆ ಬಿಡು ಎಂದು ಕೈಸನ್ನೆ ಮಾಡಿದ. ಹೋಗುವವರೆಲ್ಲ ಮಾಡುವ ಹಾಗೆಯೇ.

ಮನೆಗೆ ಬಂದಾಗ ಮೆಟ್ಟಿಲು ಇನ್ನೂ ಮುಳುಗಿಯೇ ಇತ್ತು. ಆದರೆ ನಾಳೆ, ನಾಡಿದ್ದಿನೊಳಗೆ ಮನೆ ಏಳುತ್ತದೆ, ಅವನು ಕೂತದ್ದು ಅಳಿಸಿಹೋಗುತ್ತದೆ. ನಾನು ಎದುರು ಮನೆಗೆ ಹೋಗಿ ಅವ್ವನ ಹಂಡೆ, ಕೊಡ ಕೇಳಿದೆ. ಗೌರಕ್ಕ ಕಾರಣ ಕೇಳದೆ ಕೊಟ್ಟಳು, ತನ್ನವೂ ಎರಡು ಕೊಟ್ಟಳು. ನಲ್ಲಿಯಿಂದ ನೀರು ಹೊತ್ತು ಹೊತ್ತು ಅವನ ಭಾರಕ್ಕೆ ಸಮನಾಗುವಂತೆ ಎಲ್ಲವನ್ನೂ ತುಂಬಿ ಪಡಸಾಲೆಯಲ್ಲಿ ಸಾಲಾಗಿ ಇಟ್ಟೆ, ಮೆಟ್ಟಿಲು ಬೆಳಿಗ್ಗೆ ಇದ್ದಲ್ಲೇ ಇದೆಯೇ ಎಂದು ನೋಡುತ್ತಾ ಇಟ್ಟೆ. ಒಂದಿಷ್ಟು ಹೆಚ್ಚೇ ಆಯಿತು. ಕೆಲಸ ಮುಗಿದ ಮೇಲೆ ಒಂದು ಇಡೀ ರೊಟ್ಟಿ ತಿಂದೆ.

ನೀರು ಹಳತಾದರೆ ಚೆಲ್ಲಿ ಹೊಸದು ತುಂಬುತ್ತೇನೆ. ಈರಸಂಗನ ಮನೆಗೆ ಈಗ ಐದೂ ಮೆಟ್ಟಿಲು ಕಾಣುತ್ತವೆ, ಕಡೆಯ ಕಲ್ಲಿನ ಅರಿಶಿನ ಇನ್ನೂ ಮಾಸಿಲ್ಲ. ನನ್ನದು ಎರಡಕ್ಕೇ ನಿಂತಿದೆ. ಅದರಲ್ಲಿ ನೀರಿನದು ಎಷ್ಟು, ಹಂಡೆಯದು ಎಷ್ಟು, ನನ್ನದು ಎಷ್ಟು ಎಂದು ನನಗೂ ಗೊತ್ತಾಗುವುದಿಲ್ಲ. ಭಯ ಹೋಗಿದೆ ಎಂದಲ್ಲ. ಕೆರೆ ಸುತ್ತುವುದು ಬಿಟ್ಟಿಲ್ಲ, ಉಪ್ಪಿನಕಾಯಿಗೆ ಕೈ ಇನ್ನೂ ಹಿಂಜರಿಯುತ್ತದೆ. ಬೆಳಿಗ್ಗೆ ಎದ್ದು ಕಿಟಕಿಗೆ ಹೋಗುವುದನ್ನು ಮಾತ್ರ ಬಿಟ್ಟಿದ್ದೇನೆ. ಕದ ತೆಗೆದು ಹೊರಗೆ ಬರುತ್ತೇನೆ. ಮೊದಲು ಕಟ್ಟೆ ನೋಡುತ್ತೇನೆ, ಆಮೇಲೆ ಮೆಟ್ಟಿಲು.